ವಿಷಸಸ್ಯಗಳೇ ಮದ್ದಾದ ಕಥೆ: ಶುದ್ಧಿ, ಪ್ರಮಾಣ, ಎಚ್ಚರ

ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಗೋಗಿಯಲ್ಲಿ, ಸೂಫಿ ಸಂತ ಚಂದಾ ಹುಸೇನಿ ದರ್ಗಾದ ಬಳಿ ವಿಜಾಪುರದ ಮೊದಲ ಆದಿಲಶಾಹಿ ಅರಸರ ಸಮಾಧಿಗಳಿವೆ. ಅವರಲ್ಲೊಬ್ಬನಾದ ಒಂದನೇ ಇಬ್ರಾಹಿಂ 1558ರಲ್ಲಿ ನಿಧನನಾದ. ತನ್ನ ಕಾಯಿಲೆ ವಾಸಿ ಮಾಡಲಾಗದ ವೈದ್ಯರನ್ನು ಆತ ಕೊಲ್ಲಿಸಿದನೆಂದೂ, ಉಳಿದವರು ರಾಜ್ಯ ತೊರೆದು ಓಡಿದರೆಂದೂ ಇತಿಹಾಸಕಾರ ಫೆರಿಷ್ತಾ ದಾಖಲಿಸಿದ್ದಾನೆ. ಎರಡನೇ ಇಬ್ರಾಹಿಂನ ಆಶ್ರಯದಲ್ಲಿದ್ದ ಫೆರಿಷ್ತಾ ಭಾರತೀಯ ವೈದ್ಯ ಕುರಿತು ಪರ್ಷಿಯನ್ ಭಾಷೆಯಲ್ಲಿ ಗ್ರಂಥವೊಂದನ್ನೂ ರಚಿಸಿದ್ದಾನೆ. ರೋಗಿಯ ಜತೆಗೆ ವೈದ್ಯನ ಪ್ರಾಣವೂ ಪಣಕ್ಕಿದ್ದ ಆ ಕಾಲದಲ್ಲಿ, ಮದ್ದಿನ ಪೆಟ್ಟಿಗೆಯಲ್ಲಿ ವಿಷಸಸ್ಯಗಳಿಗೂ ಸ್ಥಾನವಿತ್ತು.

ಕನ್ನಡದ ವಿಷವೈದ್ಯ

ವಿಷದ ಬಗೆಗಿನ ತಿಳಿವಳಿಕೆ ಕನ್ನಡಕ್ಕೆ ಹೊಸದಲ್ಲ. 14ನೇ ಶತಮಾನದ ಜೈನ ಕವಿ ಒಂದನೇ ಮಂಗರಾಜನ 'ಖಗೇಂದ್ರಮಣಿದರ್ಪಣ' ವಿಷವೈದ್ಯಕ್ಕೇ ಮೀಸಲಾದ ಕೃತಿ. ಸಸ್ಯಾದಿಗಳಿಂದ ಬರುವ ಸ್ಥಾವರ ವಿಷ, ಪ್ರಾಣಿಗಳಿಂದ ಬರುವ ಜಂಗಮ ವಿಷಗಳೆರಡನ್ನೂ ಅದು ವಿವರಿಸುತ್ತದೆ. ಯುಕ್ತಿಯಿಂದ ಬಳಸಿದರೆ ತೀಕ್ಷ್ಣ ವಿಷವೂ ಉತ್ತಮ ಔಷಧವಾಗುತ್ತದೆ, ತಪ್ಪಾಗಿ ಬಳಸಿದರೆ ಔಷಧವೂ ವಿಷವಾಗುತ್ತದೆ ಎಂಬುದು ಚರಕನ ನಿಲುವು.

ಶೋಧನೆಯ ಗುಟ್ಟು

ಆ ಯುಕ್ತಿಯ ಮೊದಲ ಮೆಟ್ಟಿಲು ಶೋಧನೆ. ಹಿಮಾಲಯದಿಂದ ಬರುವ ವತ್ಸನಾಭಿಯ ಗಡ್ಡೆಯನ್ನು ಆಯುರ್ವೇದದಲ್ಲಿ ಗೋಮೂತ್ರ ಅಥವಾ ಹಾಲಿನಲ್ಲಿ ಸಂಸ್ಕರಿಸುತ್ತಾರೆ. ಹೃದಯದ ಬಡಿತವನ್ನೇ ಕೆಡಿಸುವ ಇದರ ಅಕೋನಿಟಿನ್ ಅಂಶ ದೀರ್ಘಕಾಲ ಕುದಿದಾಗ ಒಡೆದು, ಹೆಚ್ಚಿನ ಮಟ್ಟಿಗೆ ಸೌಮ್ಯವಾಗುತ್ತದೆ. ಚೀನಾದ ವೈದ್ಯರೂ ಇದೇ ಜಾತಿಯ ಬೇರನ್ನು ಸಂಸ್ಕರಿಸಿಯೇ ಬಳಸುತ್ತ ಬಂದರು. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕವಾಗಿದ್ದ ಗುಲಗಂಜಿ, ಸ್ಟ್ರಿಕ್ನಿನ್ ಇರುವ ಕಾಸರಕದ ಬೀಜಗಳಿಗೂ ಶೋಧನಾ ವಿಧಿಗಳಿವೆ.

ದೇಶಾಂತರದ ದಾರಿ

ಎರಡನೆಯ ಮೆಟ್ಟಿಲು ಪ್ರಮಾಣ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಡಿಜಿಟಾಲಿಸ್ ಗಿಡದ ಎಲೆ ಕುರಿತು ಗ್ರಂಥ ಪ್ರಕಟಿಸಿ, ಅದು ಮದ್ದಾಗುವ ಮತ್ತು ಮಾರಕವಾಗುವ ಎಲ್ಲೆಯನ್ನು ರೋಗಿಗಳ ವಿವರಸಹಿತ ತೋರಿಸಿದರು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದ ಕ್ಯುರಾರೆ, 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸುವ ಮದ್ದಾಯಿತು.

ಬೇಲಿಬದಿಯ ಉಮ್ಮತ್ತಿಯದೂ ಇಂಥದೇ ಪಯಣ. ಮದ್ರಾಸಿನಲ್ಲಿ ಉಬ್ಬಸಕ್ಕೆ ಅದರ ಹೊಗೆ ಸೇದುವುದನ್ನು ಕಂಡ ಬ್ರಿಟಿಷರು, 19ನೇ ಶತಮಾನದ ಆರಂಭದಲ್ಲಿ ಈ ಪದ್ಧತಿಯನ್ನು ತಮ್ಮ ನಾಡಿಗೆ ಒಯ್ದರು. ಉಮ್ಮತ್ತಿಯಲ್ಲೂ ಅದರ ಬಂಧು ಬೆಲ್ಲಡೋನಾದಲ್ಲೂ ಇರುವ ಅಟ್ರೊಪಿನ್ ಇಂದು ಆರ್ಗನೋಫಾಸ್ಫೇಟ್ ಕೀಟನಾಶಕ ದೇಹ ಸೇರಿದವರಿಗೆ ಆಸ್ಪತ್ರೆಗಳಲ್ಲಿ ನೀಡುವ ಮುಖ್ಯ ಪ್ರತಿವಿಷ. ಹತ್ತಿ ಬೆಳೆಯುವ ಶಹಾಪುರ, ಸುರಪುರ ಸೀಮೆಗೆ ಇದು ಜೀವನ್ಮರಣದ ವಿಷಯ.

ಹಾಗೆಂದು ಉಮ್ಮತ್ತಿ ಅರೆದು ಕುಡಿಸುವುದು ಚಿಕಿತ್ಸೆಯಲ್ಲ. ಆಸ್ಪತ್ರೆಯಲ್ಲಿ ರೋಗಿಯ ನಾಡಿ, ಉಸಿರಾಟ ಗಮನಿಸುತ್ತ ಪ್ರಮಾಣ ನಿರ್ಧರಿಸಲಾಗುತ್ತದೆ. ಗಿಡದಲ್ಲಾದರೋ ವಿಷದ ಅಂಶ ಗಿಡದಿಂದ ಗಿಡಕ್ಕೆ, ಎಲೆಯಿಂದ ಬೀಜಕ್ಕೆ ಬದಲಾಗುತ್ತದೆ.

ಕಾನೂನಿನ ಅಂಕೆ

1945ರ ಔಷಧ ನಿಯಮಾವಳಿಯ ಇ-1 ಅನುಸೂಚಿಯಲ್ಲಿ ವತ್ಸನಾಭಿ, ಕಾಸರಕ, ಉಮ್ಮತ್ತಿ, ಗುಲಗಂಜಿ, ಎಕ್ಕ, ಕಣಗಿಲೆ ಮೊದಲಾದವು ವಿಷದ್ರವ್ಯಗಳೆಂದೇ ನಮೂದಾಗಿವೆ. ಇವುಗಳಿಂದ ತಯಾರಾದ ಸೇವನೆಯ ಔಷಧದ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆ ಇರಬೇಕು. ಕೊಳ್ಳುವ ಮುನ್ನ ಆ ಸಾಲನ್ನು ಓದುವುದು ಒಳಿತು. ವಿಷಸಸ್ಯವನ್ನು ಯಾರಾದರೂ ತಿಂದಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಆ ಗಿಡದ ತುಂಡಿನೊಡನೆ ಆಸ್ಪತ್ರೆಗೆ ಧಾವಿಸಬೇಕು.