ಕಡವೆ ಹೊಡೆದವರ ಹೆಸರಿದೆ, ತಲೆ ತುಂಬಿದವರ ಹೆಸರಿಲ್ಲ

ಊಟ ಮಾಡ್ತಾ ಕೇಳ್ತಿದ್ರೆ ಇಲ್ಲೇ ಪಾಸ್ ಮಾಡಿ, ಕೈ ತೊಳ್ಕೊಂಡು ಬನ್ನಿ. ಇವತ್ತಿನ ವಿಷಯ ಸ್ವಲ್ಪ ಹಾಗಿದೆ.

2023ರ ಅಕ್ಟೋಬರ್ ನೆನಪಿದೆಯಾ? ಹುಲಿ ಉಗುರಿನ ಲಾಕೆಟ್ ಗಲಾಟೆ. ಯಾವ ಚಾನೆಲ್ ಹಾಕಿದ್ರೂ ಅದೇ. ಆ ವಾರ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ನಲ್ಲಿ ಗುಡ್ ಮಾರ್ನಿಂಗ್ ಹೂವಿನ ಫೋಟೋಗಳೆಲ್ಲ ನಿಂತುಹೋದವು. ಎಲ್ಲರದ್ದೂ ಒಂದೇ ಪ್ರಶ್ನೆ: "ಸಕಲೇಶಪುರದ ಮನೆ ಕಡವೆ ತಲೆಗೆ ಪೇಪರ್ ಇದೆಯಾ?"

ನಮ್ಮ ಅಜ್ಜಿ ಮನೆ ಪಡಸಾಲೆಯಲ್ಲಿ ಒಂದು ಕಡವೆ ತಲೆ ಇದೆ. ಕೊಂಬಿಗೆ ಅಜ್ಜ ಟವೆಲ್ ಹಾಕ್ತಿದ್ರು, ಮಳೆಗಾಲದಲ್ಲಿ ಕೊಡೆ ನೇತಾಡ್ತಿತ್ತು. ಚಿಕ್ಕವನಿದ್ದಾಗ ನನಗೆ ಅದನ್ನ ಕಂಡ್ರೆ ಭಯ. ಕಾರಣ ಕಣ್ಣು. ಅದರ ಕಣ್ಣು ತಿಳಿಹಸಿರು. ಎಲ್ಲಿ ಕೂತ್ರೂ ನಮ್ಮನ್ನೇ ನೋಡ್ತಿದೆ ಅನ್ಸೋದು, ಹತ್ತಿರ ಹೋದ್ರೆ ಏನನ್ನೂ ನೋಡ್ತಿಲ್ಲ ಅನ್ಸೋದು.

ಅದೃಷ್ಟಕ್ಕೆ ಟ್ರಂಕಿನ ತಳದಲ್ಲಿ ಪೇಪರ್ ಸಿಕ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಅಜ್ಜ ಮಾಡಿಸಿಟ್ಟಿದ್ದ ಮಾಲೀಕತ್ವದ ಪ್ರಮಾಣಪತ್ರ. ಮನೆಯವರೆಲ್ಲ ಉಸಿರು ಬಿಟ್ರು. ನಾನು ಬಿ.ಕಾಂ ಓದಿದವನು, ಕಾಗದ ಸಿಕ್ಕಿದ್ರೆ ಪೂರ್ತಿ ಓದೋ ಚಟ. ಮಾಲೀಕರ ಹೆಸರು ಇತ್ತು. ವಸ್ತು ಏನು, ಎಷ್ಟು ಅನ್ನೋದು ಇತ್ತು. ಹೊಡೆದಿದ್ದು ಮುತ್ತಜ್ಜ, ಅದು ಊರಿಗೇ ಗೊತ್ತು. ಆದರೆ ಸತ್ತ ಪ್ರಾಣಿಗೆ ಮತ್ತೆ ಮುಖ ಕೊಟ್ಟು ಗೋಡೆಗೆ ಏರಿಸಿದ್ದು ಯಾರು? ಮನೆಯಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಅಜ್ಜಿಯನ್ನ ಯಾರೂ ಕೇಳಿರ್ಲಿಲ್ಲ.

ಅವತ್ತು ರಾತ್ರಿ ಮೊಬೈಲ್ ಹಿಡ್ಕೊಂಡು ಕೂತೆ. ಈ ವಿದ್ಯೆಗೆ ಟ್ಯಾಕ್ಸಿಡರ್ಮಿ ಅಂತಾರೆ. ಪ್ರಾಣಿಯ ಚರ್ಮವನ್ನ ಹದ ಮಾಡಿ, ಒಂದು ಅಚ್ಚಿನ ಮೇಲೆ ಕೂರಿಸಿ, ಜೀವ ಇದ್ದಹಾಗೆ ಕಾಣಿಸೋದು. ಒಂದು ವಿಡಿಯೋ ಸಿಕ್ತು. ಒಬ್ಬ ಅಮೆರಿಕನ್ ತನ್ನ ಗ್ಯಾರೇಜಿನಲ್ಲಿ, ತಾನೇ ಬೇಟೆಯಾಡಿದ ಜಿಂಕೆಯನ್ನ ಮೊದಲ ಸಲ ಮೌಂಟ್ ಮಾಡ್ತಿದ್ದ. ಅಲ್ಲಿ ಲೈಸೆನ್ಸ್ ತಗೊಂಡು, ಸೀಸನ್‌ನಲ್ಲಿ ಜಿಂಕೆ ಬೇಟೆಯಾಡೋದು ಕಾನೂನುಬದ್ಧ. 1900ರ ಹೊತ್ತಿಗೆ ಆ ದೇಶದಲ್ಲಿ ಬಿಳಿಬಾಲದ ಜಿಂಕೆಗಳು ಕೆಲವೇ ಲಕ್ಷಕ್ಕೆ ಇಳಿದಿದ್ದವು. ಆಮೇಲೆ ಬೇಟೆಗೆ ಕಟ್ಟುನಿಟ್ಟು ಮಾಡಿದ್ರು, ಈಗ ಕೋಟಿಗಳ ಲೆಕ್ಕದಲ್ಲಿವೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಜಿಂಕೆ ಮುಟ್ಟಿದ್ರೆ ಜೈಲು. ಯಾರೂ ಟ್ರೈ ಮಾಡ್ಬೇಡಿ.

ಅವನು ಮಾಡಿದ್ದು ನೋಡಿ. ಚರ್ಮದ ಒಳಗಿನ ಮಾಂಸ, ಕೊಬ್ಬು ಎಲ್ಲ ಕೆರೆದು ತೆಗೀಬೇಕು. ಕಿವಿಯನ್ನ ಕಾಲುಚೀಲದ ಥರ ಒಳಹೊರಗು ಮಾಡಿ, ಒಳಗಿನ ಮೃದ್ವಸ್ಥಿ ಬಿಡಿಸ್ಬೇಕು. ತುಟಿ ಸೀಳಬೇಕು. ಆಮೇಲೆ ಉಪ್ಪು. ತಡ ಮಾಡಿದ್ರೆ ಬ್ಯಾಕ್ಟೀರಿಯಾ ಹತ್ತಿ ಕೂದಲು ಕಂತೆಕಂತೆಯಾಗಿ ಕಿತ್ತುಬರುತ್ತೆ. ಹದ ಮಾಡಿದಮೇಲೆ, ಮೂಗಿನಿಂದ ಕಣ್ಣಿಗೆ ಎಷ್ಟು, ಕುತ್ತಿಗೆ ಸುತ್ತಳತೆ ಎಷ್ಟು ಅಂತ ಟೇಪ್ ಹಿಡಿದು ಅಳೆದು, ಆ ಸೈಜಿನ ಫೋಮ್ ಅಚ್ಚು ಆರ್ಡರ್ ಮಾಡೋದು. ಗಾಜಿನ ಕಣ್ಣು ಕೂರಿಸಿ, ಸುತ್ತ ಜೇಡಿಮಣ್ಣಲ್ಲಿ ರೆಪ್ಪೆ ತಿದ್ದೋದು. ಅಂಟು ಹಚ್ಚಿ, ಚರ್ಮ ಎಳೆದು, ಹೊಲಿದು, ಪಿನ್ ಚುಚ್ಚಿ ವಾರಗಟ್ಟಲೆ ಒಣಗಿಸೋದು. ಮೊದಲ ಸಲ ಮಾಡೋರು ಎಡವೋದು ಕಣ್ಣಲ್ಲಿ ಮತ್ತು ಕಿವಿಯಲ್ಲಿ. ಕಣ್ಣಿನ ಕೋನ ಸ್ವಲ್ಪ ತಪ್ಪಿದ್ರೂ ಜಿಂಕೆ ಬೆಚ್ಚಿಬಿದ್ದ ಹಾಗೆ ಕಾಣುತ್ತೆ. ಕಿವಿಯೊಳಗೆ ಆಧಾರ ಸರಿಯಾಗಿ ಇಡದಿದ್ರೆ ಒಣಗಿದ ಅಪ್ಪಳದ ಥರ ಮುದುಡುತ್ತೆ.

ಇದು ಮನೆಯಲ್ಲೇ ಕೂತು ಕಲಿಯೋ ವಿದ್ಯೆ ಆಗಿದ್ದು ಯಾವಾಗ? ಹುಡುಕ್ತಾ ಹೋದ್ರೆ ಸಿಕ್ಕವನು ಚಾರ್ಲ್ಸ್ ಡಾರ್ವಿನ್. ಹೌದು, ಅದೇ ವಿಕಾಸವಾದದ ಡಾರ್ವಿನ್.

1826ರಲ್ಲಿ ಅವನಿನ್ನೂ ಹದಿಹರೆಯದ ಹುಡುಗ, ಎಡಿನ್‌ಬರೋದಲ್ಲಿ ಮೆಡಿಕಲ್ ಓದ್ತಿದ್ದ. ಕ್ಲಾಸ್ ಬೋರ್. ಅದೇ ಬೀದಿಯಲ್ಲಿ ಜಾನ್ ಎಡ್ಮನ್‌ಸ್ಟನ್ ಅಂತ ಒಬ್ಬ ಕಪ್ಪು ಜನಾಂಗದ ವ್ಯಕ್ತಿ ಇದ್ದರು. ದಕ್ಷಿಣ ಅಮೆರಿಕದ ಗಯಾನಾದಲ್ಲಿ ಗುಲಾಮರಾಗಿದ್ದವರು, ಆಮೇಲೆ ಬಿಡುಗಡೆ ಪಡೆದವರು. ಹಕ್ಕಿ ಚರ್ಮ ಬಿಡಿಸಿ ತುಂಬೋದರಲ್ಲಿ ನಿಪುಣರು. ಎರಡು ತಿಂಗಳು, ದಿನಕ್ಕೊಂದು ಗಂಟೆ, ಫೀಸು ಒಂದು ಗಿನಿ. ಡಾರ್ವಿನ್ ಕಲಿತ. ಐದು ವರ್ಷ ಆದ್ಮೇಲೆ ಬೀಗಲ್ ಹಡಗು ಹತ್ತಿ, ಗಲಾಪಗೋಸ್ ದ್ವೀಪದ ಹಕ್ಕಿಗಳನ್ನ ಕೆಡದ ಹಾಗೆ ಇಂಗ್ಲೆಂಡಿಗೆ ತಂದ. ಆ ಹಕ್ಕಿಗಳು ಕೊಳೆತುಹೋಗಿದ್ರೆ? ಯೋಚನೆ ಮಾಡಿ. ಡಾರ್ವಿನ್ ತನ್ನ ಆತ್ಮಕಥೆಯಲ್ಲಿ ಈ ಗುರುವನ್ನ ಮೆಚ್ಚಿ ಬರೆದ, ಆದರೆ ಹೆಸರು ಬರೆಯಲಿಲ್ಲ. ಅದು ಜಾನ್ ಎಡ್ಮನ್‌ಸ್ಟನ್ ಅಂತ ಹುಡುಕಿ ತೆಗೆದದ್ದು ಬಹಳ ಕಾಲದ ನಂತರ ಬಂದ ಇತಿಹಾಸಕಾರರು.

ಆ ಕಾಲದಲ್ಲಿ ಕೆಲಸ ಅಂದ್ರೆ ಅಕ್ಷರಶಃ ತುಂಬೋದು. ಚರ್ಮದ ಚೀಲಕ್ಕೆ ಹುಲ್ಲು, ಬಟ್ಟೆ, ಮರದ ಹೊಟ್ಟು ತುರುಕಿ ಹೊಲಿಯೋದು, ಹಾಸಿಗೆ ತುಂಬಿದ ಹಾಗೆ. ಹುಳ ಬರದಿರಲಿ ಅಂತ ಆರ್ಸೆನಿಕ್ ಹಾಕಿದ ಸಾಬೂನು ಹಚ್ತಿದ್ರು. ಅದು 18ನೇ ಶತಮಾನದಲ್ಲಿ ಫ್ರಾನ್ಸಿನ ಬೆಕೂರ್ ಅನ್ನೋರು ಕಂಡುಹಿಡಿದ ಮಿಶ್ರಣ, ಶುದ್ಧ ವಿಷ. ಅದಕ್ಕೇ ಹೇಳ್ತೀನಿ, ನಿಮ್ಮ ಊರ ಮನೆಯಲ್ಲೂ ಹಳೇ ತಲೆ ಇದ್ರೆ ಸವರ್ಬೇಡಿ. ಮುಟ್ಟಿದ್ರೆ ಕೈ ತೊಳೀರಿ.

ತುಂಬೋದನ್ನ ಬಿಟ್ಟು ಶಿಲ್ಪದ ಥರ ಮಾಡೋಕೆ ದಾರಿ ತೋರಿಸಿದವರಲ್ಲಿ ದೊಡ್ಡ ಹೆಸರು ಕಾರ್ಲ್ ಏಕ್ಲಿ. ನ್ಯೂಯಾರ್ಕ್ ರಾಜ್ಯದ ರೈತನ ಮಗ, ಹುಡುಗನಿದ್ದಾಗ ಪುಸ್ತಕ ನೋಡ್ಕೊಂಡು ತಾನೇ ಕಲಿತವನು. ಮೊದಲು ಪ್ರಾಣಿಯ ಮೈಯನ್ನ ಸ್ನಾಯು ಸಮೇತ ಜೇಡಿಮಣ್ಣಲ್ಲಿ ಮಾಡಿ, ಅದರಿಂದ ಅಚ್ಚು ತೆಗೆದು, ಹಗುರವಾದ ಟೊಳ್ಳು ದೇಹ ಮಾಡಿ, ಅದರ ಮೇಲೆ ಚರ್ಮ ಹೊದಿಸೋದು ಅವನ ದಾರಿ. ಅವತ್ತಿನ ವಿಡಿಯೋದ ಫೋಮ್ ಅಚ್ಚು ಇದರ ಮೊಮ್ಮಗ. ಅವನ ಪ್ರಸಿದ್ಧ ಕೆಲಸಗಳಲ್ಲಿ ಒಂದು ಜಿಂಕೆಗಳದ್ದೇ: ನಾಲ್ಕು ಋತು, ನಾಲ್ಕು ದೃಶ್ಯ, ಬಿಳಿಬಾಲದ ಜಿಂಕೆ ಸಂಸಾರ. ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಇವತ್ತಿಗೂ ಇದೆ. ಆ ದೃಶ್ಯಗಳ ಮರಗಿಡಗಳಿಗೆ ಸಾವಿರಾರು ಎಲೆ ಬೇಕು. ಮೇಣದಲ್ಲಿ, ಒಂದೊಂದಾಗಿ, ಕೈಯಲ್ಲಿ. ಆ ಕೆಲಸದಲ್ಲಿ ಕೂತವಳು ಡೀಲಿಯಾ, ಏಕ್ಲಿಯ ಹೆಂಡತಿ. ಹೆಸರು ಮಾತ್ರ ಏಕ್ಲಿಗೇ ಬಂತು. ಅಕೌಂಟ್ಸ್ ಕ್ಲಾಸಲ್ಲಿ ಹೇಳ್ತಿದ್ರು, ಎಲ್ಲ ಕ್ರೆಡಿಟ್‌ಗೂ ಒಂದು ಡೆಬಿಟ್ ಇರುತ್ತೆ ಅಂತ. ಇತಿಹಾಸದಲ್ಲಿ ಆ ಎಂಟ್ರಿ ಸಿಗೋದೇ ಕಷ್ಟ.

1903ರಲ್ಲಿ ಅಮೆರಿಕದ ಒಮಾಹಾ ಊರಲ್ಲಿ ಎಲ್‌ವುಡ್ ಅನ್ನೋರು ಅಂಚೆ ಮೂಲಕ ಟ್ಯಾಕ್ಸಿಡರ್ಮಿ ಕಲಿಸೋ ಶಾಲೆ ಶುರು ಮಾಡಿದ್ರು. 40 ಪಾಠ, ಪುಟ್ಟ ಪುಸ್ತಕಗಳಲ್ಲಿ. ಪತ್ರಿಕೆಗಳಲ್ಲಿ ಜಾಹೀರಾತು: ಮನೆಯಲ್ಲೇ ಕಲೀರಿ, ದುಡ್ಡು ಮಾಡಿ. ಇವತ್ತಿನ ಆನ್‌ಲೈನ್ ಕೋರ್ಸ್ ಆ್ಯಡ್ ಇದ್ದಹಾಗೇ! ಹಳ್ಳಿಹಳ್ಳಿಯ ಹುಡುಗರು ಕೊಟ್ಟಿಗೆಯಲ್ಲಿ ಕೂತು ಗೂಬೆ, ಅಳಿಲು, ಜಿಂಕೆ ತಲೆ ಮಾಡೋಕೆ ಹೊರಟ್ರು.

ನಮ್ಮ ನಾಡಿಗೂ ಈ ಕಥೆಯಲ್ಲಿ ದೊಡ್ಡ ಜಾಗ ಇದೆ. ಮೈಸೂರಿನ ವ್ಯಾನ್ ಇಂಗನ್ ಅಂಡ್ ವ್ಯಾನ್ ಇಂಗನ್. 20ನೇ ಶತಮಾನದ ಆರಂಭದಲ್ಲಿ ಯೂಜೀನ್ ವ್ಯಾನ್ ಇಂಗನ್ ಶುರು ಮಾಡಿದ್ದು, ಮಕ್ಕಳು ಬೆಳೆಸಿದ್ದು. ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ಎಸ್ಟೇಟ್ ದೊರೆಗಳು ಎಲ್ಲರ ಬೇಟೆಯೂ ಅಲ್ಲಿಗೇ. ಪ್ಯಾಟ್ ಮಾರಿಸ್ ಅನ್ನೋ ಬ್ರಿಟಿಷ್ ಸಂಶೋಧಕರು ಈ ಕಂಪನಿ ಮೇಲೆ ಪುಸ್ತಕ ಬರೆದಿದ್ದಾರೆ. ಅವರ ಲೆಕ್ಕದಲ್ಲಿ ಹುಲಿ ಮತ್ತು ಚಿರತೆಗಳೇ 43,000ಕ್ಕೂ ಹೆಚ್ಚು. ಆ ಸಂಖ್ಯೆ ಓದಿ ನಾನು ಮೊಬೈಲ್ ಕೆಳಗಿಟ್ಟೆ. ಕಾಗದದ ರೊಟ್ಟಿನ ಅಚ್ಚು, ಅದರ ಮೇಲೆ ಚರ್ಮ. ಇದನ್ನೆಲ್ಲ ಮಾಡಿದ ಕೈಗಳು ಹೆಚ್ಚಿನವು ಮೈಸೂರಿನ ಸ್ಥಳೀಯ ಕೆಲಸಗಾರರದ್ದು. ಟ್ರೋಫಿಯ ಹಿಂದಿನ ಲೇಬಲ್‌ನಲ್ಲಿ ಕಂಪನಿ ಹೆಸರು ಮಾತ್ರ. 1972ರ ಕಾಯ್ದೆ ಬಂದಮೇಲೆ ಹೊಸ ಬೇಟೆ ನಿಂತು, 1990ರ ದಶಕದ ಕೊನೆಗೆ ಬಾಗಿಲು ಹಾಕಿತು.

ನಮ್ಮ ಕಡವೆಯೂ ಅಲ್ಲಿಂದಲೇ ಬಂದಿರಬೇಕು ಅಂದ್ಕೊಂಡೆ. ದೀಪಾವಳಿಗೆ ಊರಿಗೆ ಹೋದವನು, ಕೈಗೆ ಗ್ಲೌಸ್, ಮೂಗಿಗೆ ಕೋವಿಡ್ ಟೈಮಿನ ಮಾಸ್ಕ್ ಹಾಕ್ಕೊಂಡು, ಏಣಿ ಹತ್ತಿ, ಹಿಂದೆ ಟಾರ್ಚ್ ಬಿಟ್ಟೆ. ಲೇಬಲ್ ಇಲ್ಲ. ಹಲಗೆ ಸಂದಿಯಿಂದ ಹುಲ್ಲು ಇಣುಕ್ತಿತ್ತು. ಕತ್ತಿನ ಹಿಂದಿನ ಹೊಲಿಗೆ ದಪ್ಪ, ಅಡ್ಡಾದಿಡ್ಡಿ. ಎಡಕಿವಿ ಅಪ್ಪಳ. ಒಂದು ಕಣ್ಣು ಇನ್ನೊಂದಕ್ಕಿಂತ ಮೇಲೆ. ವಿಡಿಯೋದಲ್ಲಿ ಹೇಳಿದ್ದ ಪ್ರತಿಯೊಂದು ತಪ್ಪೂ ಅಲ್ಲಿತ್ತು. ಇದು ಕಾರ್ಖಾನೆಯ ಮಾಲಲ್ಲ. ಯಾರೋ ಮೊದಲ ಸಲ, ಮನೆಯಲ್ಲೇ ಮಾಡಿದ್ದು.

ಕೆಳಗೆ ಅಜ್ಜಿ ಅಡಿಕೆ ಕತ್ತರಿಸ್ತಾ ಕೂತಿದ್ರು. ಕೇಳಿದೆ.

"ಅದಾ? ಚೀಲ ಹೊಲಿಯೋ ಅಣ್ಣ ಮಾಡಿದ್ದು. ನಾನು ಮದುವೆಯಾಗಿ ಬಂದ ವರ್ಷ," ಅಂದ್ರು. ಅಂದ್ರೆ 1957.

ಕಾಫಿ ಮೂಟೆಯ ಗೋಣಿಚೀಲ ಹೊಲಿಯೋಕೆ ಬರ್ತಿದ್ದ ಒಬ್ಬ ಆಳು. ಮುತ್ತಜ್ಜನಿಗೆ ಮೈಸೂರಿಗೆ ಕಳಿಸೋ ಖರ್ಚು ಬೇಡವಾಗಿತ್ತು. "ನಿನಗೆ ದಬ್ಬಣ ಹಿಡಿಯೋಕೆ ಬರುತ್ತಲ್ಲ, ನೀನೇ ಮಾಡು" ಅಂದಿದ್ದಾರೆ. ಅವನು ಉಪ್ಪು, ಪಟಿಕ ಹಚ್ಚಿ ದನದ ಕೊಟ್ಟಿಗೆ ಅಟ್ಟದಲ್ಲಿ ಕೂತು ಮಾಡಿದ. ಹದಿನೈದು ದಿನ ಆ ವಾಸನೆಗೆ ಅಜ್ಜಿಗೆ ಊಟ ಸೇರ್ಲಿಲ್ವಂತೆ. ಗಾಜಿನ ಕಣ್ಣು ಎಲ್ಲಿ ಸಿಗಬೇಕು? ಸಂತೆಯಿಂದ ಎರಡು ಸೋಡಾ ಬಾಟಲಿ ತಂದು, ಒಡೆದು, ಗೋಲಿ ತೆಗೆದು ಕೂರಿಸಿದ.

ಗೋಲಿ ಸೋಡಾ! ಅದಕ್ಕೇ ತಿಳಿಹಸಿರು. ಕಡವೆ ಕಣ್ಣು ಕಡುಕಂದು, ಪಾಪೆ ಅಡ್ಡಕ್ಕೆ ಉದ್ದ. ಗೋಲಿಗೆ ಪಾಪೆಯೇ ಇಲ್ಲ. ಎಲ್ಲರನ್ನೂ ನೋಡಿದ ಹಾಗೆ, ಯಾರನ್ನೂ ನೋಡದ ಹಾಗೆ ಕಾಣ್ತಿದ್ದದ್ದು ಅದಕ್ಕೆ.

"ಅವನ ಹೆಸರೇನು ಅಜ್ಜಿ?"

ಅಜ್ಜಿ ಅಡಕತ್ತರಿ ನಿಲ್ಲಿಸಿದ್ರು. ಸುಮಾರು ಹೊತ್ತು ಯೋಚನೆ ಮಾಡಿದ್ರು. "ಎಲ್ಲಾರೂ ಚೀಲದಣ್ಣ ಅಂತಿದ್ವಿ. ಹೆಸರು ಯಾರೂ ಕೇಳ್ಲಿಲ್ಲ ಕಣೋ." ಆಮೇಲೆ ಅವರೇ ಹೇಳಿದ್ರು: "ಮುಗಿಸಿದ ದಿನ ಅದರ ಮುಂದೆ ನಿಂತು ಕೈ ಮುಗಿದ. ಹೊಡೆದೋರು ಮುಗೀಲಿಲ್ಲ."

ಆ ತಲೆ ಈಗಲೂ ಅಲ್ಲೇ ಇದೆ. ಪ್ರಮಾಣಪತ್ರ ಇದ್ರೂ ಮಾರೋ ಹಾಗಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ವಾರಸಾಗಿ ಬಂದ್ರೂ ಅಧಿಕಾರಿಗಳಿಗೆ ತಿಳಿಸ್ಬೇಕು. ಚಿಕ್ಕಪ್ಪ ಆ ಕೆಲಸ ನೋಡ್ಕೊತಿದ್ದಾರೆ. ಅದು ಗೋಡೆ ಮೇಲೆ ಇರಬೇಕಾ ಅನ್ನೋ ಜಗಳ ಗ್ರೂಪ್‌ನಲ್ಲಿ ಇನ್ನೂ ಮುಗಿದಿಲ್ಲ. ನನಗಂತೂ ಅದರಲ್ಲಿ ಹೆಮ್ಮೆಪಡೋ ಬೇಟೆ ಕಾಣ್ತಿಲ್ಲ. ಕಾಡಲ್ಲಿ ಇರಬೇಕಾಗಿದ್ದ ಒಂದು ಪ್ರಾಣಿ ಕಾಣುತ್ತೆ, ಗೊತ್ತಿಲ್ಲದ ಕೆಲಸವನ್ನ ಗೋಲಿ ಸೋಡಾ ಒಡೆದಾದ್ರೂ ಮುಗಿಸಿದ ಒಬ್ಬ ಮನುಷ್ಯ ಕಾಣ್ತಾನೆ.

ಟವೆಲ್ ಹಾಕೋದು ಮಾತ್ರ ನಿಲ್ಲಿಸಿದ್ದೀವಿ. ಟ್ರಂಕಿನಲ್ಲಿ ಪ್ರಮಾಣಪತ್ರದ ಜೊತೆ ನಾನೊಂದು ಚೀಟಿ ಇಟ್ಟಿದ್ದೀನಿ: "ಮಾಡಿದವರು: ಚೀಲ ಹೊಲಿಯುತ್ತಿದ್ದ ಅಣ್ಣ, 1957. ಮೊದಲ ಸಲ."

ನಿಮ್ಮ ಊರ ಮನೆಯಲ್ಲೂ ಇಂಥದ್ದು ಏನಾದ್ರೂ ಇದ್ರೆ, ಮೊದಲು ಪೇಪರ್ ಇದೆಯಾ ನೋಡಿ. ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಹತ್ತಿರ ಹೋಗಿ, ಯಾರು ಮಾಡಿದ್ದು ಅಂತ ಕೇಳಿ. ಅವರಿಗೆ ನೆನಪಿರೋವಾಗಲೇ ಕೇಳಿ. ಮುಂದಿನ ವಾರ ಸಿಗೋಣ.