ಅಚ್ಚುಕೂಟದಿಂದ ಅಂತರ್ಜಾಲದವರೆಗೆ

ಮೀಮಾಂಸಾಶಾಸ್ತ್ರದಲ್ಲಿ ಒಂದೊಂದು ಅಧಿಕರಣಕ್ಕೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳನ್ನು ಹೇಳುವರು. ಎದುರಾಳಿಯ ಮಾತನ್ನು ಲೋಪವಿಲ್ಲದಂತೆ ಮಂಡಿಸಿದ ಹೊರತು ತನ್ನ ಸಿದ್ಧಾಂತವನ್ನು ಸ್ಥಾಪಿಸುವ ಅಧಿಕಾರವು ಪಂಡಿತನಿಗೆ ಬರುವುದಿಲ್ಲ. ಪೂರ್ವಪಕ್ಷವನ್ನು ಕೇಳದೆ ಹೇಳಿದ ಸಿದ್ಧಾಂತವು ಬರಿಯ ಅಪ್ಪಣೆಯೆನಿಸುವುದು. ಶಾಸ್ತ್ರದ ಈ ಮರ್ಯಾದೆಯು ರಾಜ್ಯದ ಕಾನೂನಿಗೂ ಸಲ್ಲಬೇಕೇ ಬೇಡವೇ ಎಂಬ ವಿವಾದವು ಕನ್ನಡನಾಡಿನಲ್ಲಿ ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿದೆ. ಅಚ್ಚುಮೊಳೆಯ ಕಾಲದಲ್ಲಿ ಅದು ವೃತ್ತಪತ್ರಿಕೆಗಳನ್ನು ಕುರಿತದ್ದಾಗಿತ್ತು. ಈಚೆಗೆ ಅಂತರ್ಜಾಲದ ಬರೆವಣಿಗೆಯನ್ನೂ ಗ್ರಂಥಸ್ವಾಮ್ಯವನ್ನೂ ಕುರಿತದ್ದಾಗಿದೆ. ವೇಷವು ಬೇರೆಯಾದರೂ ಪಾತ್ರವು ಒಂದೇ ಎಂಬುದನ್ನು ಈ ಚರಿತ್ರೆಯನ್ನು ಮೊದಲಿನಿಂದ ನೋಡಿದವರು ಬಲ್ಲರು.

1905ರಲ್ಲಿ ವಂಗದೇಶದ ವಿಭಜನೆಯಾದ ಮೇಲೆ ಭರತಖಂಡದಲ್ಲೆಲ್ಲ ಸ್ವದೇಶೀ ಚಳವಳಿಯು ಹಬ್ಬಿತು. 1908ರ ಜೂನ್ ತಿಂಗಳಲ್ಲಿ ಬ್ರಿಟಿಷ್ ಸರ್ಕಾರದವರು ಪತ್ರಿಕೆಗಳನ್ನು ಅಡಗಿಸುವ ಹೊಸದೊಂದು ಕಾನೂನನ್ನು ಹೊರಡಿಸಿದರು. ಜುಲೈ ತಿಂಗಳಲ್ಲಿ ಲೋಕಮಾನ್ಯ ತಿಲಕರಿಗೆ, ಅವರು ತಮ್ಮ ಪತ್ರಿಕೆಯಲ್ಲಿ ಬರೆದ ಲೇಖನಗಳಿಗಾಗಿ, ಆರು ವರ್ಷಗಳ ಶಿಕ್ಷೆಯಾಯಿತು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ವೃತ್ತಪತ್ರಿಕೆಗಳ ರೆಗ್ಯುಲೇಷನ್ ಎಂಬುದು ಜಾರಿಗೆ ಬಂದಿತು. ಸಂಸ್ಥಾನದೊಳಗೆ ಪತ್ರಿಕೆಯನ್ನು ನಡೆಸಬೇಕೆಂಬವರು ಮುಂಚಿತವಾಗಿ ಸರ್ಕಾರದ ಅನುಮತಿಯನ್ನು ಪಡೆಯಬೇಕೆಂದೂ, ಕೊಟ್ಟ ಅನುಮತಿಯನ್ನು ಸರ್ಕಾರದವರು ಹಿಂದಕ್ಕೆ ತೆಗೆದುಕೊಳ್ಳಬಹುದೆಂದೂ ಅದರಿಂದ ಏರ್ಪಟ್ಟಿತು. 1881ರಿಂದ ಪ್ರಜಾಪ್ರತಿನಿಧಿ ಸಭೆಯನ್ನು ನಡೆಸುತ್ತ, 1907ರಲ್ಲಿ ನ್ಯಾಯವಿಧಾಯಕ ಸಭೆಯನ್ನೂ ಸ್ಥಾಪಿಸಿ ಮಾದರಿಯೆನಿಸಿಕೊಂಡ ಸಂಸ್ಥಾನದಲ್ಲಿ ಇಂಥ ಕಾನೂನು ಹುಟ್ಟಿದುದು ವಿಚಿತ್ರವೇ ಸರಿ. ತಪ್ಪು ಬರೆದವನನ್ನು ನ್ಯಾಯಸ್ಥಾನಕ್ಕೆಳೆದು ದಂಡಿಸುವುದು ಒಂದು ಬಗೆ. ಬರೆಯುವ ಮೊದಲೇ ಎಲ್ಲರನ್ನೂ ಬಾಗಿಲಲ್ಲಿ ನಿಲ್ಲಿಸುವುದು ಮತ್ತೊಂದು ಬಗೆ. ಎರಡನೆಯ ಬಗೆಯಲ್ಲಿ ಪೂರ್ವಪಕ್ಷಕ್ಕೆ ಎಡೆಯೇ ಇಲ್ಲ.

ಇದನ್ನು ವಿರೋಧಿಸಿದವರಲ್ಲಿ ಅಗ್ರಗಣ್ಯರು ಮೈಸೂರಿನ ಮರಿಮಲ್ಲಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು. ನಾಡಿನ ಜನರು ಅವರನ್ನು ಅಕ್ಕರೆಯಿಂದ ತಾತಯ್ಯನೆಂದು ಕರೆದರು. ಅನಾಥ ಬಾಲಕರಿಗೆ ಆಶ್ರಯವಿತ್ತು, ದೀನರಿಗೆ ವಿದ್ಯೆಯನ್ನು ಕೊಡಿಸಿ, ಅದರೊಡನೆ ಪತ್ರಿಕೆಗಳನ್ನೂ ನಡೆಸಿದ ಮಹಾನುಭಾವರು ಅವರು. ‘ವೃತ್ತಾಂತ ಚಿಂತಾಮಣಿ’ಯು ಅವರ ಪತ್ರಿಕೆಗಳಲ್ಲಿ ಬಹು ಪ್ರಸಿದ್ಧವಾದುದು. ಹೊಸ ಕಾನೂನಿನ ಕೆಳಗೆ ಕೈಕಟ್ಟಿ ನಿಂತು ಅನುಮತಿಯನ್ನು ಬೇಡುವುದಕ್ಕಿಂತ ಪತ್ರಿಕೆಗಳನ್ನೇ ನಿಲ್ಲಿಸುವುದು ಲೇಸೆಂದು ಬಗೆದು ಅವರು ಹಾಗೆಯೇ ಮಾಡಿದರು. ಲೇಖಣಿಯನ್ನೇ ಬದುಕಾಗಿ ಉಳ್ಳವನು ಲೇಖಣಿಯನ್ನು ಕೆಳಗಿಡುವುದು ಸಾಮಾನ್ಯವಾದ ತ್ಯಾಗವಲ್ಲ. ಮಾತು ಉಳ್ಳವನ ಮೌನವೂ ಒಂದು ಮಾತೇ ಆಗುವುದೆಂದು ಆ ವರ್ಷ ಮೈಸೂರಿನ ಜನರಿಗೆ ತಿಳಿಯಿತು.

ಆಗ ಇಪ್ಪತ್ತೊಂದು ವರ್ಷದ ತರುಣರಾಗಿದ್ದ ಡಿ. ವಿ. ಗುಂಡಪ್ಪನವರು ಇದೇ ಗಾಳಿಯಲ್ಲಿ ಪತ್ರಿಕಾವೃತ್ತಿಗೆ ಕಾಲಿಟ್ಟವರು. 1913ರಲ್ಲಿ ‘ಕರ್ಣಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಅವರು ಆರಂಭಿಸಿದುದು ಈ ಕಾನೂನಿನ ನೆರಳಿನಲ್ಲಿಯೇ. ಪತ್ರಿಕೆಗೆ ಕಟ್ಟುಪಾಡೇ ಕೂಡದೆಂದು ಅಂದಿನ ಪ್ರತಿಭಟನೆಗಾರರು ವಾದಿಸಲಿಲ್ಲ. ಸುಳ್ಳುಗಾರನಿಗೂ ನಿಂದಕನಿಗೂ ದಂಡವಿರಲಿ. ಆದರೆ ದಂಡಕ್ಕೆ ಮೊದಲು ವಿಚಾರಣೆಯಿರಲಿ, ವಿಚಾರಣೆಯು ಅಧಿಕಾರಿಯ ಕಚೇರಿಯಲ್ಲಾಗದೆ ನ್ಯಾಯಸ್ಥಾನದಲ್ಲಾಗಲಿ ಎಂಬುದು ಅವರ ಇಂಗಿತವಾಗಿತ್ತು. ಬೆಂಗಳೂರಿನಿಂದ ತುಮಕೂರಿನ ಹಾದಿಯಲ್ಲಿರುವ ಅರಿಶಿನಕುಂಟೆಯಂಥ ಗ್ರಾಮದಲ್ಲಿ ಅಂದು ಅಚ್ಚುಕೂಟವಿಲ್ಲ. ಪೇಟೆಯ ಪತ್ರಿಕೆಯು ನಿಂತರೆ ಅಲ್ಲಿಯ ಓದುಬಲ್ಲವನಿಗೆ ಸರ್ಕಾರದ ಮಾತೊಂದೇ ಉಳಿಯುವುದು. ಆದಕಾರಣ ನಷ್ಟವು ಬರೆಯುವವನದಷ್ಟೇ ಆಗದೆ ಓದುವವನದೂ ಆಗಿತ್ತು.

ಇನ್ನು ಗ್ರಂಥಸ್ವಾಮ್ಯದ ಮಾತು. ಪೂರ್ವಕಾಲದಲ್ಲಿ ಗ್ರಂಥವನ್ನು ನಕಲು ಮಾಡುವುದು ಪುಣ್ಯಕಾರ್ಯವಾಗಿತ್ತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಕೀರ್ತಿಯು ಇಂದಿಗೂ ಉಳಿದಿದೆ. ಆದರೆ ಅಚ್ಚಿನ ಯಂತ್ರವು ಬಂದ ಮೇಲೆ ನಕಲು ಸುಲಭವಾಯಿತು. ಕವಿಯ ಶ್ರಮದ ಫಲವನ್ನು ಬೇರೊಬ್ಬನು ಉಣ್ಣತೊಡಗಿದನು. ಆದುದರಿಂದ ಕರ್ತೃವಿನ ಹಕ್ಕನ್ನು ಕಾಪಾಡುವ ಕಾನೂನು ಅವಶ್ಯಕವಾಯಿತು. ಸ್ವತಂತ್ರ ಭಾರತದ ಗ್ರಂಥಸ್ವಾಮ್ಯದ ಕಾಯಿದೆ 1957ರದು. ಈಗಿನ ನಿಯಮದ ಮೇರೆಗೆ ಕರ್ತೃವು ತೀರಿಕೊಂಡ ವರ್ಷದ ತರುವಾಯ 60 ವರ್ಷಗಳವರೆಗೆ ಹಕ್ಕು ಅವನ ವಾರಸುದಾರರದು. ಆಮೇಲೆ ಕೃತಿಯು ಲೋಕದ ಸೊತ್ತು. 1946ರಲ್ಲಿ ದಿವಂಗತರಾದ ಬಿ. ಎಂ. ಶ್ರೀಕಂಠಯ್ಯನವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು ಹೀಗೆ 2007ರಿಂದ ಎಲ್ಲರವೂ ಆದುವು. ಕರ್ತೃವಿನ ಅನ್ನ, ಓದುಗನ ಅರಿವು, ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಈ ಕಾನೂನಿನ ಧರ್ಮ.

ಅಂತರ್ಜಾಲವು ಬಂದಾಗ ಆ ತಕ್ಕಡಿಯು ತೂಗಾಡಿತು. ಮಾಹಿತಿ ತಂತ್ರಜ್ಞಾನ ಕಾಯಿದೆಯು 2000ದಲ್ಲಿ ಆಯಿತು. 2008ರ ತಿದ್ದುಪಡಿಯಿಂದ ಪೀಡೆಯುಂಟುಮಾಡುವ ಸಂದೇಶವನ್ನು ಕಳುಹಿಸಿದವನಿಗೆ ಮೂರು ವರ್ಷಗಳವರೆಗೆ ಸೆರೆಯನ್ನು ವಿಧಿಸುವ 66ಎ ಪ್ರಕರಣವೂ, ಜಾಲತಾಣಗಳನ್ನು ತಡೆಯುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡುವ 69ಎ ಪ್ರಕರಣವೂ ಸೇರಿದುವು. 2011ರ ಏಪ್ರಿಲ್‌ನಲ್ಲಿ ಬಂದ ನಿಯಮಗಳು ಇನ್ನೂ ಮುಂದೆ ಹೋದುವು. ಯಾರಾದರೂ ದೂರಿತ್ತರೆ ಜಾಲತಾಣದವರು 36 ಗಂಟೆಗಳೊಳಗೆ ಕ್ರಮ ಕೈಕೊಳ್ಳಬೇಕಾಗಿದ್ದಿತು. ಬರೆದವನನ್ನು ಕೇಳಬೇಕೆಂಬ ವಿಧಿಯು ಅದರಲ್ಲಿರಲಿಲ್ಲ. ಇವನ್ನು ರದ್ದುಗೊಳಿಸಬೇಕೆಂದು ಪಿ. ರಾಜೀವ್ ಎಂಬ ಸದಸ್ಯರು 2012ರ ಮೇ ತಿಂಗಳಲ್ಲಿ ರಾಜ್ಯಸಭೆಯಲ್ಲಿ ತಂದ ನಿರ್ಣಯವು ಬಿದ್ದುಹೋಯಿತು.

ಅದೇ ಕಾಲದಲ್ಲಿ ಮದರಾಸಿನ ಹೈಕೋರ್ಟಿನಿಂದ ಒಂದು ಚಲನಚಿತ್ರದ ನಿರ್ಮಾಪಕರು ನಕಲುಗಾರರ ವಿರುದ್ಧ ತಡೆಯಾಜ್ಞೆಯನ್ನು ತಂದರು. ಪ್ರತಿವಾದಿಗಳು ಅಜ್ಞಾತರಾದುದರಿಂದ ಇಂಥ ಆಜ್ಞೆಗಳಲ್ಲಿ ‘ಅಶೋಕಕುಮಾರ’ನೆಂಬ ಕಲ್ಪಿತ ನಾಮವನ್ನು ಬಳಸುವುದುಂಟು. ಹೆಸರಿಲ್ಲದ ಪ್ರತಿವಾದಿಯು ಬಂದು ಉತ್ತರ ಕೊಡುವುದೆಂತು? ಸಂಪರ್ಕವನ್ನು ಒದಗಿಸುವ ಕಂಪನಿಗಳು ಒಂದು ಚಿತ್ರದ ಕಳ್ಳಪ್ರತಿಯನ್ನು ತಡೆಯುವುದಕ್ಕಾಗಿ ಇಡೀ ತಾಣಗಳನ್ನೇ ಮುಚ್ಚಿದುವು. ಇದು, ಒಂದು ಹಾಳೆ ಕೆಟ್ಟಿದೆಯೆಂದು ಪುಸ್ತಕಭಂಡಾರಕ್ಕೆ ಬೀಗ ಜಡಿದಂತಾಯಿತು. ಜೂನ್ ತಿಂಗಳಲ್ಲಿ ಅದೇ ನ್ಯಾಯಾಲಯವು ತಡೆಯು ನಿರ್ದಿಷ್ಟವಾದ ವಿಳಾಸಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ಸ್ಪಷ್ಟಪಡಿಸಿತು.

ಆ ವರ್ಷದ ಜನವರಿ 18ರಂದು ಅಮೆರಿಕದ ಗ್ರಂಥಸ್ವಾಮ್ಯದ ಮಸೂದೆಗಳನ್ನು ವಿರೋಧಿಸಿ ಇಂಗ್ಲಿಷ್ ವಿಕಿಪೀಡಿಯವು 24 ಗಂಟೆಗಳ ಕಾಲ ತನ್ನ ಪುಟಗಳನ್ನು ಕಪ್ಪಾಗಿಸಿದ್ದಿತು. ತಾತಯ್ಯನವರ ಮೌನವೇ ಶತಮಾನದ ಅನಂತರ ಬೇರೊಂದು ಖಂಡದಲ್ಲಿ ಮರಳಿ ಹುಟ್ಟಿತೆನ್ನಬಹುದು. ಜೂನ್ 9ರಂದು ಭಾರತದ ಹಲವು ನಗರಗಳಲ್ಲಿ, ಅವುಗಳೊಳಗೆ ಬೆಂಗಳೂರಿನಲ್ಲಿಯೂ, ತರುಣರು ಮುಖವಾಡ ಧರಿಸಿ ಬೀದಿಗಿಳಿದು ಅಂತರ್ಜಾಲದ ನಿರ್ಬಂಧವನ್ನು ಪ್ರತಿಭಟಿಸಿದರು. ಮುಖ ಮುಚ್ಚಿಕೊಂಡ ಪ್ರತಿಭಟನೆಯು ಹಿರಿಯರಿಗೆ ರುಚಿಸದಿರಬಹುದು. ತಾತಯ್ಯನವರು ತಮ್ಮ ಹೆಸರಿನಿಂದಲೇ ನಿಂತವರು. ಆದರೂ ಕೇಳಿದ ಪ್ರಶ್ನೆ ಹಳೆಯದೇ.

ಪ್ರತಿಪಕ್ಷದಲ್ಲಿಯೂ ಬಲವಿಲ್ಲದಿಲ್ಲ. ಎರಡೇ ತಿಂಗಳ ತರುವಾಯ, ಆಗಸ್ಟ್ ನಡುವಿನಲ್ಲಿ, ಈಶಾನ್ಯ ಭಾರತದವರ ಮೇಲೆ ಆಕ್ರಮಣವಾಗುವುದೆಂಬ ಸುಳ್ಳುಸುದ್ದಿಯು ಕೈಫೋನುಗಳಲ್ಲಿ ಹರಡಿ, ಸಾವಿರಾರು ಮಂದಿ ಬೆಂಗಳೂರನ್ನು ಬಿಟ್ಟು ರೈಲು ಹತ್ತಿದರು. ಅಕ್ಷರವು ವಿಷವೂ ಆಗಬಲ್ಲದೆಂಬುದನ್ನು ಆ ದಿನಗಳಲ್ಲಿ ನಿಲ್ದಾಣವನ್ನು ಕಂಡವರು ಅಲ್ಲಗಳೆಯಲಾರರು. ಕೇಂದ್ರ ಸರ್ಕಾರದವರು 15 ದಿನಗಳ ಮಟ್ಟಿಗೆ ಸಂದೇಶಗಳಿಗೆ ಐದರ ಮಿತಿಯನ್ನು ಹಾಕಿ, ಕೆಲವು ದಿನಗಳಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಿದರು. ಅವಧಿಯನ್ನು ಹೇಳಿ ಮಾಡಿದ ಈ ತಡೆಯನ್ನು ಬಹುಮಂದಿ ಸೈರಿಸಿದರು. ಅದರೊಡನೆಯೇ ಅಂತರ್ಜಾಲದ 300ಕ್ಕೂ ಹೆಚ್ಚು ಪುಟಗಳೂ ವಿಳಾಸಗಳೂ ತಡೆಯಲ್ಪಟ್ಟುವು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಎಂಬ ಸಂಸ್ಥೆಯು ಆ ಪಟ್ಟಿಯನ್ನು ಪರಿಶೀಲಿಸಲು, ವದಂತಿಯು ಸುಳ್ಳೆಂದು ತೋರಿಸಿಕೊಟ್ಟ ಬರೆಹಗಳೂ ಅದರಲ್ಲಿ ಸಿಕ್ಕಿಬಿದ್ದುದು ಕಂಡುಬಂದಿತು. ವಿಷಕ್ಕೆ ಹಾಕಿದ ಬಿರಡೆಯು ಔಷಧದ ಬಾಯನ್ನೂ ಮುಚ್ಚಿತ್ತು. ಯಾರನ್ನೂ ಕೇಳದೆ ಮುಚ್ಚಿದಾಗ ಹೀಗಾಗುವುದು ಸಹಜ.

2012ರ ಜೂನ್‌ನಲ್ಲಿ ಜಾರಿಗೆ ಬಂದ ಗ್ರಂಥಸ್ವಾಮ್ಯದ ತಿದ್ದುಪಡಿಯು ಉತ್ತಮವಾದ ಒಂದು ದಾರಿಯನ್ನು ತೋರಿಸಿತು. ಅದರಂತೆ, ತನ್ನ ಕೃತಿಯು ಅಪಹೃತವಾಗಿದೆಯೆಂದು ಸ್ವಾಮ್ಯವುಳ್ಳವನು ಲಿಖಿತವಾಗಿ ದೂರಿತ್ತರೆ ತಾಣದವರು 21 ದಿನ ಅದನ್ನು ತಡೆಹಿಡಿಯಬೇಕು. ಅಷ್ಟರೊಳಗೆ ನ್ಯಾಯಾಲಯದ ಆಜ್ಞೆ ಬಾರದಿದ್ದರೆ ತಡೆಯನ್ನು ತೆಗೆಯಬಹುದು. ಕರ್ತೃವಿಗೆ ತತ್ಕಾಲದ ರಕ್ಷೆ, ನಕಲುಗಾರನೆನಿಸಿಕೊಂಡವನಿಗೆ ನ್ಯಾಯಾಲಯದ ಆಸರೆ.

ಸುಮಾರು ಎರಡು ವರ್ಷಗಳಲ್ಲಿ ಕರ್ನಾಟಕವೇ ಬೇರೊಂದು ದಾರಿಯನ್ನು ಹಿಡಿಯಿತು. ಸಾಮಾನ್ಯರು ಗೂಂಡಾ ಕಾಯಿದೆಯೆಂದು ಕರೆಯುವ 1985ರ ಶಾಸನಕ್ಕೆ 2014ರಲ್ಲಿ ತಿದ್ದುಪಡಿಯಾಗಿ, ಕಳ್ಳಭಟ್ಟಿಯವರು, ಜೂಜುಕೋರರು, ಗೂಂಡಾಗಳು ಇವರ ಸಾಲಿಗೆ ‘ಡಿಜಿಟಲ್ ಅಪರಾಧಿ’ಯೂ, ಚಿತ್ರ ಮತ್ತು ಧ್ವನಿಮುದ್ರಣಗಳ ನಕಲುಗಾರನೂ ಸೇರಿದರು. ವಾಣಿಜ್ಯೋದ್ದೇಶದಿಂದ ಪುಸ್ತಕ, ಸಂಗೀತ, ಚಿತ್ರಗಳ ಸ್ವಾಮ್ಯವನ್ನು ಬುದ್ಧಿಪೂರ್ವಕವಾಗಿ ಮುರಿದವನು ಡಿಜಿಟಲ್ ಅಪರಾಧಿ. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ರಿಂದ 75ರವರೆಗಿನ ಪ್ರಕರಣಗಳ ಅಪರಾಧವನ್ನು ಮಾಡಿದವನೂ ಹಾಗೆಯೇ. ಈ 75ನೆಯದು ಯಾವ ಅಪರಾಧವನ್ನೂ ಹೇಳುವುದಿಲ್ಲ. ದೇಶದ ಹೊರಗೆ ನಡೆದುದಕ್ಕೂ ಕಾಯಿದೆಯು ಅನ್ವಯಿಸುವುದೆಂದಷ್ಟೇ ಹೇಳುವುದು. ವ್ಯಾಕರಣದ ಸೂತ್ರಕ್ಕೆ ಅನರ್ಥಕವಾದ ಒಂದು ಪದವನ್ನು ಸೇರಿಸಿದರೂ ದೋಷವೆನ್ನುವರು. ಮನುಷ್ಯನ ಬಿಡುಗಡೆಯನ್ನು ಕುರಿತ ಸೂತ್ರದಲ್ಲಿ ಇಂಥ ಅಜಾಗರೂಕತೆಯು ಹೇಗೆ ಸಲ್ಲುವುದು?

ಆ ಶಾಸನದ ಸ್ವರೂಪವನ್ನು ಯೋಚಿಸಿದರೆ ಕಳವಳವು ಹೆಚ್ಚುವುದು. ಅದು ಮಾಡಿದ ತಪ್ಪಿಗೆ ಶಿಕ್ಷೆಯನ್ನು ವಿಧಿಸುವಂಥದಲ್ಲ. ಮುಂದೆ ಮಾಡಿಯಾನೆಂದು ಹಿಡಿದಿಡುವ ಮುಂಬಂಧನದ ಕಾನೂನು. ಸಲಹಾಮಂಡಲಿಯೊಂದರ ಅಭಿಪ್ರಾಯದ ಮೇಲೆ 12 ತಿಂಗಳವರೆಗೆ ಹಿಡಿದಿಡಬಹುದು. ಇಂಥ ಬಂಧನದಲ್ಲಿರುವವನಿಗೆ, ತನಗೆ ಬೇಕಾದ ವಕೀಲನನ್ನು ನೇಮಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 22ನೆಯ ಅನುಚ್ಛೇದವು ಕೊಡುವುದಿಲ್ಲ. ಚಲನಚಿತ್ರೋದ್ಯಮದವರ ನಷ್ಟವು ನಿಜವಾದುದೇ. ತಮಿಳುನಾಡು 2004ರಲ್ಲಿಯೇ ಚಿತ್ರದ ನಕಲುಗಾರರನ್ನು ಇದೇ ತೆರನಾದ ಕಾಯಿದೆಗೆ ಸೇರಿಸಿದ್ದಿತು. ಆದರೂ ಬೆಂಗಳೂರಿನ ಪತ್ರಿಕೆಗಳಲ್ಲಿಯೂ ವಿದ್ವಾಂಸರಲ್ಲಿಯೂ ಆಕ್ಷೇಪವೆದ್ದಿತು. ಗ್ರಂಥಸ್ವಾಮ್ಯದ ಕಾಯಿದೆಯಲ್ಲಿಯೇ ಮೂರು ವರ್ಷಗಳವರೆಗೆ ಶಿಕ್ಷೆಯಿರುವಾಗ ಈ ಅಡ್ಡದಾರಿಯೇಕೆ ಎಂಬುದಕ್ಕೆ ಸಮಾಧಾನವನ್ನು ಹೇಳುವುದು ಕಷ್ಟ. ಒಂದೇ ಕಳವಿಗೆ ಒಂದು ಕಾನೂನು 21 ದಿನಗಳಲ್ಲಿ ನ್ಯಾಯಾಲಯಕ್ಕೆ ಹೋಗೆನ್ನುವುದು. ಇನ್ನೊಂದು ವಿಚಾರಣೆಯೇ ಇಲ್ಲದೆ ಒಂದು ಸಂವತ್ಸರವನ್ನು ಕಳೆಯಬಲ್ಲದು.

2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು, ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ, 66ಎ ಪ್ರಕರಣವನ್ನು ಸಂವಿಧಾನಕ್ಕೆ ವಿರುದ್ಧವೆಂದು ತೊಡೆದುಹಾಕಿತು. ಕೋರ್ಟಿಗೆ ಮೊರೆಯಿಟ್ಟವರಲ್ಲಿ ಮೊದಲಿಗಳು ಒಬ್ಬ ಕಾನೂನು ವಿದ್ಯಾರ್ಥಿನಿ. 69ಎ ಮಾತ್ರ ಉಳಿಯಿತು. ತಡೆಯ ಕಾರಣಗಳನ್ನು ಬರೆದಿಡಬೇಕೆಂಬ ವಿಧಿಯಿರುವುದೇ ಅದನ್ನು ಉಳಿಸಿದ ಕಾರಣಗಳಲ್ಲೊಂದು. ಆ 69ಎ ಮೇರೆಗೆ ಬಂದ ಆಜ್ಞೆಗಳನ್ನು ಪ್ರಶ್ನಿಸಿ ಟ್ವಿಟರ್ ಕಂಪನಿಯವರು 2022ರಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂದರು. 2023ರ ಜೂನ್ 30ರಂದು ಅರ್ಜಿಯು ವಜಾ ಆಗಿ, 50 ಲಕ್ಷ ರೂಪಾಯಿಗಳ ವೆಚ್ಚವು ಕಂಪನಿಯ ಮೇಲೆ ಬಿದ್ದಿತು. ಎಕ್ಸ್ ಎಂದು ಹೆಸರು ಬದಲಾಯಿಸಿಕೊಂಡ ಅದೇ ಸಂಸ್ಥೆಯು, ಆಕ್ಷೇಪಾರ್ಹ ಬರೆಹಗಳನ್ನು ತೆಗೆಯಿರೆಂಬ ಸೂಚನೆಗಳನ್ನು ಸರ್ಕಾರದ ಇಲಾಖೆಗಳಿಂದ ತಾಣಗಳಿಗೆ ಮುಟ್ಟಿಸುವ ‘ಸಹಯೋಗ್’ ಏರ್ಪಾಡನ್ನು ಪ್ರಶ್ನಿಸಿದುದೂ 2025ರ ಸೆಪ್ಟೆಂಬರ್ 24ರಂದು ನಿಷ್ಫಲವಾಯಿತು. ಸಾಮಾಜಿಕ ಮಾಧ್ಯಮಗಳಿಗೆ ನಿಯಂತ್ರಣ ಬೇಕೆಂದೂ, 19ನೆಯ ಅನುಚ್ಛೇದದ ಹಕ್ಕು ಪೌರರದೇ ಹೊರತು ವಿದೇಶೀಯ ಸಂಸ್ಥೆಯದಲ್ಲವೆಂದೂ ನ್ಯಾಯಾಲಯವು ಹೇಳಿತು.

ಈ ಕಡೆಯ ಮಾತು ಮನನಯೋಗ್ಯವಾದುದು. ಹಕ್ಕು ಪೌರನದೆಂದ ಮೇಲೆ ಅದನ್ನು ಕೇಳುವ ಹೊಣೆಯೂ ಪೌರನದೇ. ಮೈಸೂರಿನಲ್ಲಿ ಆ ಹೊಣೆಯನ್ನು ಹೊತ್ತವರು ಒಬ್ಬ ಶಾಲೆಯ ಉಪಾಧ್ಯಾಯರು. ದೆಹಲಿಯಲ್ಲಿ ಒಬ್ಬ ವಿದ್ಯಾರ್ಥಿನಿ. ಇಬ್ಬರ ಹಿಂದೆಯೂ ದೊಡ್ಡ ವ್ಯಾಪಾರಸಂಸ್ಥೆಯಿರಲಿಲ್ಲ. ಅರಿಶಿನಕುಂಟೆಯ ಮನೆಮನೆಯ ಕೈಫೋನೂ ಇಂದು ಒಂದು ಅಚ್ಚುಕೂಟವೇ ಆಗಿದೆ. 1908ರಲ್ಲಿ ಕೆಲವೇ ಸಂಪಾದಕರಿಗೆ ತಟ್ಟಿದ ಕಾನೂನು ಈಗ ಎಲ್ಲರ ಅಂಗಳಕ್ಕೂ ಬಂದಿದೆ. ಕೃತಿಚೋರನಿಗೆ ದಂಡವಾಗಲಿ, ವದಂತಿಯನ್ನು ಬಿತ್ತುವವನಿಗೂ ಆಗಲಿ. ತಡೆದವರಾರು, ಕಾರಣವೇನು, ತಡೆಯಲ್ಪಟ್ಟವನು ಏನೆಂದನು ಎಂಬ ಮೂರು ಪ್ರಶ್ನೆಗಳಿಗೆ ಆಜ್ಞಾಪತ್ರದಲ್ಲಿಯೇ ಉತ್ತರವಿರಬೇಕೆಂದು ಕೇಳುವುದು ರಾಜ್ಯದ್ರೋಹವೂ ಅಲ್ಲ, ಚೋರರಿಗೆ ಕೊಡುವ ಬೆಂಬಲವೂ ಅಲ್ಲ. ಪೂರ್ವಪಕ್ಷವನ್ನು ಕೇಳಿ ಹೇಳಿದ ಸಿದ್ಧಾಂತವನ್ನು ಸೋತವನೂ ಗೌರವಿಸುವನು.