ಯಾವ ಅಳತೆಗೋಲಿನಿಂದ? – ಸದನದ ಪ್ರಶ್ನೆಗಳ ಹಿಂದಿನ ಚರಿತ್ರೆ



ಶಾಸಕರು ಸದನದಲ್ಲಿ ಕೇಳುವ ಪ್ರಶ್ನೆಗಳ ಪಟ್ಟಿಯನ್ನು ಓದುವುದು ನನ್ನ ಹಳೆಯ ಹವ್ಯಾಸ. ಯಲಹಂಕದ ಕಡೆ ಪೌರನೀತಿಯ ಪಾಠ ಮಾಡುತ್ತಿದ್ದ ದಿನಗಳಲ್ಲಿ ಅಂಟಿಕೊಂಡದ್ದು, ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಆ ಪ್ರಶ್ನೆಗಳಿಗೆ ಒಂದು ಸ್ಥಿರವಾದ ಧಾಟಿಯಿದೆ: ಇಂಥ ಸಂಗತಿ ಸರ್ಕಾರದ ಗಮನಕ್ಕೆ ಬಂದಿದೆಯೇ; ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು? ಉತ್ತರದ ಧಾಟಿಯೂ ಅಂಥದೇ: ಬಂದಿದೆ, ಪರಿಶೀಲನೆಯಲ್ಲಿದೆ. ಹೊರಗಿನಿಂದ ನೋಡುವವರಿಗೆ ಇದು ನೀರಸವಾದ ಕಡತದ ಭಾಷೆ. ಆದರೆ ಇತ್ತೀಚಿನ ವರ್ಷಗಳ ಪಟ್ಟಿಗಳಲ್ಲಿ ಮೂರು ವಿಷಯಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಬರ–ನೆರೆಗಳಿಗೆ ಸಿಗುವ ನೆರವು, ಒಂದೇ ಅಪರಾಧಕ್ಕೆ ಬೇರೆ ಬೇರೆ ಶಿಕ್ಷೆ, ಮತ್ತು ಬೀದಿಯಲ್ಲಿನ ಸಮಾಜಘಾತಕ ವರ್ತನೆ. ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಈ ಮೂರರ ತಳದಲ್ಲಿಯೂ ಇರುವುದು ಒಂದೇ ಪ್ರಶ್ನೆ ಎಂದು ನನಗೆ ತೋರುತ್ತದೆ: ಸರ್ಕಾರ ಕೊಡುವುದನ್ನೂ ದಂಡಿಸುವುದನ್ನೂ ಯಾವ ಅಳತೆಗೋಲಿನಿಂದ ಅಳೆಯುತ್ತದೆ?

ಈ ಪ್ರಶ್ನೆಯ ಚರಿತ್ರೆ ನಮ್ಮಲ್ಲಿ ಬರಗಾಲದೊಂದಿಗೆ ಹೆಣೆದುಕೊಂಡಿದೆ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಕಾಡಿದ ಕ್ಷಾಮವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ‘ಧಾತು ಈಶ್ವರ ಬರ’ವೆಂದು ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷದೊಳಕ್ಕೆ ಇಳಿದಿತ್ತು. ಆಗ ಆಳುತ್ತಿದ್ದವರು ಬ್ರಿಟಿಷ್ ಕಮಿಷನರು. ಗಂಜಿ ಕೇಂದ್ರ ಎಲ್ಲಿ ತೆರೆಯಬೇಕು, ಯಾರಿಗೆ ಕೂಲಿ ಕೊಡಬೇಕು, ದವಸ ತಡವಾದುದೇಕೆ ಎಂದು ಕೇಳಲು ಪ್ರಜೆಗಳಿಗೆ ಒಂದು ಸಭೆಯೇ ಇರಲಿಲ್ಲ. ಕ್ಷಾಮದ ಖರ್ಚು ಮಾತ್ರ 80 ಲಕ್ಷ ರೂಪಾಯಿಯ ಸಾಲವಾಗಿ ಸಂಸ್ಥಾನದ ತಲೆಯ ಮೇಲೆ ಉಳಿಯಿತು.

1881ರ ಮಾರ್ಚ್‌ನಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿತು. ಅದೇ ವರ್ಷದ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಜಮೀನುದಾರರು, ವರ್ತಕರು ಸೇರಿ 144 ಮಂದಿ ಪ್ರತಿನಿಧಿಗಳು. ಅವರು ದಿವಾನರ ಭಾಷಣವನ್ನು ಕೇಳಬಹುದಿತ್ತು, ತಮ್ಮ ಊರಿನ ಕಷ್ಟಗಳನ್ನು ಅರಿಕೆ ಮಾಡಿಕೊಳ್ಳಬಹುದಿತ್ತು. ಅಷ್ಟೇ. ಅರಿಕೆ ಬೇರೆ, ಪ್ರಶ್ನೆ ಬೇರೆ. ಅರಿಕೆಗೆ ಉತ್ತರ ಕೊಡುವುದು ದೊರೆಯ ಕೃಪೆ. ಪ್ರಶ್ನೆಗೆ ಉತ್ತರ ಕೊಡುವುದು ಸರ್ಕಾರದ ಹೊಣೆ. 1907ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪನೆಯಾದಾಗಲೂ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಇರಲಿಲ್ಲ. ಆ ಹಕ್ಕೂ ಆಯವ್ಯಯವನ್ನು ಚರ್ಚಿಸುವ ಅವಕಾಶವೂ ದೊರೆತದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಅಂದರೆ 1912ರಿಂದ 1918ರ ನಡುವೆ. 1923ರ ಕಾಯಿದೆಗಳು ಎರಡೂ ಸಭೆಗಳಿಗೆ ಗಟ್ಟಿಯಾದ ಶಾಸನಬದ್ಧ ನೆಲೆ ಕೊಟ್ಟವು. ಇಂದು ಸದನದ ಮೊದಲ ಗಂಟೆಯಲ್ಲಿ ಗದ್ದಲವೆದ್ದು ಪ್ರಶ್ನೋತ್ತರ ಕಲಾಪ ಕೊಚ್ಚಿಹೋದಾಗ, ಅರಿಕೆಯಿಂದ ಪ್ರಶ್ನೆಯವರೆಗೆ ನಮ್ಮ ಹಿರಿಯರು ನಡೆದ ಈ ಮೂವತ್ತಕ್ಕೂ ಹೆಚ್ಚು ವರ್ಷಗಳ ದಾರಿಯನ್ನು ನಾನು ನೆನೆಯುತ್ತೇನೆ.

ಇನ್ನು ಮೊದಲನೆಯ ವಿಷಯಕ್ಕೆ ಬರೋಣ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಸರ್ಕಾರವು ಕೇಂದ್ರದ ವಿಪತ್ತು ನಿಧಿಯಿಂದ 18,171 ಕೋಟಿ ರೂಪಾಯಿ ಕೋರಿತು. ಹಣ ಬಾರದಿದ್ದಾಗ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಕೇಳಿದ್ದಕ್ಕೂ ಕೊಟ್ಟಿದ್ದಕ್ಕೂ ಇರುವ ಈ ಅಂತರವನ್ನು ಒಬ್ಬರು ಅನ್ಯಾಯವೆಂದರು, ಇನ್ನೊಬ್ಬರು ನಿಯಮವೆಂದರು. ವಿಪತ್ತು ನಿಧಿಯ ನಿಯಮದಂತೆ ಮಳೆಯಾಶ್ರಿತ ಬೆಳೆ ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ಅಂದರೆ ಎಕರೆಗೆ ಸುಮಾರು 3,400. ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಇದು ಬೆಳೆಯ ಬೆಲೆಯಲ್ಲ, ಮತ್ತೆ ಬಿತ್ತಲು ಕೊಡುವ ಕೈಗಾವಲು. ಈ ಮಾತನ್ನು ರೈತನಿಗೆ ಬಿಡಿಸಿ ಹೇಳುವವರು ಕಡಿಮೆ. ಬಿತ್ತನೆಯ ನಿಜವಾದ ಖರ್ಚಿನ ಮುಂದೆ ಈ ದರ ಹೇಗೆ ನಿಗದಿಯಾಯಿತು ಎಂದು ಕೇಳುವ ಶಾಸಕನು, ಕೋಟಿಗಳ ಲೆಕ್ಕದಲ್ಲಿ ಜಗಳವಾಡುವವನಿಗಿಂತ ಮುಖ್ಯವಾದ ಪ್ರಶ್ನೆಯನ್ನು ಕೇಳುತ್ತಾನೆ.

ನಮ್ಮ ಉತ್ತರ ಬೆಂಗಳೂರಿಗೂ ಇದು ದೂರದ ಮಾತಲ್ಲ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2021ರ ನವೆಂಬರಿನಲ್ಲಿಯೂ ಅಲ್ಲಿ ಹಾಗೆಯೇ ನೀರು ನುಗ್ಗಿತ್ತು. ಇತ್ತ ಹೆಬ್ಬಾಳ–ನಾಗವಾರ ಕಣಿವೆಯಲ್ಲಿ ಸಂಸ್ಕರಿಸಿದ ನಮ್ಮ ಮನೆಗಳ ಬಳಕೆಯ ನೀರು ಚಿಕ್ಕಬಳ್ಳಾಪುರದ ಬತ್ತಿದ ಕೆರೆಗಳಿಗೆ ಹರಿಯುತ್ತಿದೆ. ಬರದ ಸೀಮೆಗೆ ನಗರವು ಕೊಡುವ ನೆರವು ಇದು. ಆದರೆ ಎರಡನೆಯ ಹಂತದ ಸಂಸ್ಕರಣೆ ಸಾಕೇ, ಮೂರನೆಯ ಹಂತ ಬೇಡವೇ ಎಂದು ಆ ಭಾಗದ ಜನ ಕೇಳುತ್ತಲೇ ಇದ್ದಾರೆ. ಅಲ್ಲಿಯೂ ಅಳತೆಗೋಲಿನದೇ ಮಾತು.

ಜಗತ್ತಿನ ಮಟ್ಟದಲ್ಲಿಯೂ ಕಥೆ ಬೇರೆಯಲ್ಲ. ಬಡ ದೇಶಗಳಿಗೆ ಹವಾಮಾನ ನೆರವಾಗಿ 2020ರ ವೇಳೆಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಒದಗಿಸುವುದಾಗಿ 2009ರಲ್ಲಿ ಶ್ರೀಮಂತ ದೇಶಗಳು ಮಾತು ಕೊಟ್ಟವು. ಅವರ ಲೆಕ್ಕದಂತೆಯೇ ಅದು ಈಡೇರಿದ್ದು 2022ರಲ್ಲಿ, ಅದೂ ಬಹುಪಾಲು ಸಾಲದ ರೂಪದಲ್ಲಿ. ಧಾತು ಈಶ್ವರ ಬರದ ನಂತರ 80 ಲಕ್ಷದ ಸಾಲ ಹೊತ್ತ ನಾಡಿನವರಿಗೆ ಈ ನೆರವಿನ ಅರ್ಥವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ.

ಎರಡನೆಯದು ಶಿಕ್ಷೆ. ನಾನು ಪಾಠ ಮಾಡಿದ ಶಾಲೆಯೊಂದರ ಅಣಕು ಸಂಸತ್ತಿನಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ಕೇಳಿದ: “ತಡವಾಗಿ ಬಂದರೆ ಒಬ್ಬ ಮೇಷ್ಟ್ರು ಹೊರಗೆ ನಿಲ್ಲಿಸುತ್ತಾರೆ, ಇನ್ನೊಬ್ಬರು ಹತ್ತು ಸಲ ಬರೆಸುತ್ತಾರೆ, ಮತ್ತೊಬ್ಬರು ನಕ್ಕು ಒಳಗೆ ಕರೆಯುತ್ತಾರೆ. ತಪ್ಪು ಒಂದೇ ಅಲ್ಲವೇ ಸಾರ್?” ಸಭಾಧ್ಯಕ್ಷರಾಗಿ ಕುಳಿತಿದ್ದ ಮುಖ್ಯೋಪಾಧ್ಯಾಯರು ಸಿಟ್ಟಾಗಲಿಲ್ಲ. “ಬಾಗಲೂರಿನ ಕಡೆಯಿಂದ ನಡೆದು ಬರುವವನ ತಡವೂ ಶಾಲೆಯ ಎದುರು ಮನೆಯವನ ತಡವೂ ಒಂದೇ ಅಲ್ಲಪ್ಪ. ಆದರೆ ಆ ವ್ಯತ್ಯಾಸಕ್ಕೆ ಕಾರಣ ಹುಡುಗನಲ್ಲಿರಬೇಕು, ಮೇಷ್ಟ್ರಲ್ಲಿರಬಾರದು” ಎಂದರು. ಶಿಕ್ಷೆಯ ಏಕರೂಪತೆಯ ಬಗ್ಗೆ ಇದಕ್ಕಿಂತ ತಿಳಿಯಾದ ಮಾತನ್ನು ನಾನು ಕೇಳಿಲ್ಲ.

ನಮ್ಮ ದೇಶದ ದೊಡ್ಡ ನ್ಯಾಯಾಲಯವೂ ಇದೇ ತೊಡಕಿನಲ್ಲಿದೆ. ಮರಣದಂಡನೆಯನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿದ 1980ರ ಬಚ್ಚನ್ ಸಿಂಗ್ ತೀರ್ಪಿನಲ್ಲಿ ಐವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಭಗವತಿಯವರು ಭಿನ್ನಮತ ತಾಳಿದರು. ಪೀಠದಲ್ಲಿ ಯಾರಿರುತ್ತಾರೆ ಎಂಬುದರ ಮೇಲೆ ಒಬ್ಬನ ಸಾವು–ಬದುಕು ನಿಲ್ಲುತ್ತದೆ ಎಂಬುದು ಅವರ ಆತಂಕವಾಗಿತ್ತು. ಆ ಆತಂಕಕ್ಕೆ ಬೆಂಗಳೂರಿನ ಪ್ರಕರಣವೇ ನಿದರ್ಶನವಾಯಿತು. 1991ರಲ್ಲಿ ಇಲ್ಲಿ ನಡೆದ ಒಂದು ಕೊಲೆಯಲ್ಲಿ ಸ್ವಾಮಿ ಶ್ರದ್ಧಾನಂದ ಎಂಬಾತನಿಗೆ ಕೆಳಗಿನ ನ್ಯಾಯಾಲಯ ಗಲ್ಲು ವಿಧಿಸಿತು, ಹೈಕೋರ್ಟ್ ಎತ್ತಿಹಿಡಿಯಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧ ಸಾಬೀತಾಗಿದೆ ಎಂಬುದನ್ನು ಒಪ್ಪಿದರು. ಶಿಕ್ಷೆಯಲ್ಲಿ ಮಾತ್ರ ಒಬ್ಬರು ಜೀವಾವಧಿ ಎಂದರೆ, ಇನ್ನೊಬ್ಬರು ಗಲ್ಲು ಎಂದರು. ಅದೇ ಸಾಕ್ಷ್ಯ, ಅದೇ ಆರೋಪಿ! 2008ರಲ್ಲಿ ಮೂವರ ಪೀಠವು ಮರಣದಂಡನೆಯಲ್ಲಿರುವ ಅಸಮಾನತೆಯನ್ನು ಬಿಚ್ಚುಮನಸ್ಸಿನಿಂದ ಚರ್ಚಿಸಿ, ಕ್ಷಮಾಪಣೆಯಿಲ್ಲದೆ ಬದುಕಿರುವವರೆಗೂ ಸೆರೆವಾಸ ಎಂಬ ಮಧ್ಯದ ದಾರಿಯನ್ನು ಕಂಡುಕೊಂಡಿತು.

ಅದಕ್ಕೂ ಮೊದಲೇ, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ.ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿಯು 2003ರ ತನ್ನ ವರದಿಯಲ್ಲಿ ಶಿಕ್ಷೆಗೆ ಮಾರ್ಗಸೂಚಿ ರೂಪಿಸಲು ಶಾಸನಬದ್ಧ ಸಮಿತಿಯೊಂದು ಬೇಕೆಂದು ಹೇಳಿತ್ತು. ಇಪ್ಪತ್ತು ವರ್ಷ ಕಳೆದರೂ ಅದು ಆಗಲಿಲ್ಲ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಮಗ್ರವಾದ ಶಿಕ್ಷಾನೀತಿಯನ್ನು ಪರಿಗಣಿಸುವಂತೆ ಕೇಂದ್ರಕ್ಕೆ ಸೂಚಿಸಿತು. ನಮ್ಮವರೇ ಒಬ್ಬರು ಇಷ್ಟು ಹಿಂದೆ ಹೇಳಿದ ಮಾತು ಏನಾಯಿತು ಎಂದು ಕೇಳುವುದಕ್ಕೆ ಸದನಕ್ಕಿಂತ ತಕ್ಕ ಜಾಗ ಬೇರೆ ಯಾವುದಿದೆ?

ಮೂರನೆಯದಾದ ಸಮಾಜಘಾತಕ ವರ್ತನೆಯ ವಿಷಯದಲ್ಲಿ ನಾವು ಅತ್ಯಂತ ಎಚ್ಚರದಿಂದಿರಬೇಕು. ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಬೈಕಿನ ಮುಂದಿನ ಚಕ್ರವನ್ನೆತ್ತಿ ಹಾರಿಸುವ ಯುವಕರಿಂದ ನಡುಗಿದವರಲ್ಲಿ ನಾನೂ ಒಬ್ಬ. ಅವರನ್ನು ತಡೆಯಲೇಬೇಕು. ಆದರೆ ವರ್ತನೆಯನ್ನು ದಂಡಿಸುವುದು ಬೇರೆ, ಮನುಷ್ಯನಿಗೇ ಹಣೆಪಟ್ಟಿ ಹಚ್ಚುವುದು ಬೇರೆ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಸಮುದಾಯಗಳನ್ನೇ ಹುಟ್ಟಿನಿಂದ ಕಳ್ಳರೆಂದು ಬರೆದಿಟ್ಟಿತು. ಅದರ ರದ್ದತಿಗೆ 1952ರವರೆಗೆ ಕಾಯಬೇಕಾಯಿತು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ್ದ ಜಾಗಕ್ಕೆ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. ಜನರ ಬಾಯಲ್ಲಿ ಗೂಂಡಾ ಕಾಯಿದೆಯೆಂದೇ ಹೆಸರಾದ ನಮ್ಮ ರಾಜ್ಯದ 1985ರ ಕಾಯಿದೆಯು ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಲು ಅವಕಾಶ ಕೊಡುತ್ತದೆ.

ನಿಮ್ಮ ಆಸ್ತಿ ತೆರಿಗೆಯ ಲೆಕ್ಕವನ್ನೊಮ್ಮೆ ನೋಡಿ. ಅದರಲ್ಲಿ ಶೇಕಡ 3ರ ಭಿಕ್ಷುಕರ ಉಪಕರವಿದೆ. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯ ಹಣ ಅದು. ಬೀದಿಯಲ್ಲಿ ಕೈಯೊಡ್ಡಿದವರನ್ನು ಹಿಡಿದು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಿಸುವುದು ಆ ಕಾಯಿದೆಯ ಏರ್ಪಾಡು. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಅನೇಕರು ಸತ್ತ ಸುದ್ದಿ ಹೊರಬಂತು. ಸಮಾಜ ಕಲ್ಯಾಣ ಸಚಿವರು ರಾಜೀನಾಮೆ ಕೊಟ್ಟರು. ಉಪಕರ ತೆತ್ತವರು ನಾವು. ಒಳಗಿದ್ದವರು ಹೇಗಿದ್ದಾರೆಂದು ಅದುವರೆಗೆ ಕೇಳಿದವರೆಷ್ಟು ಮಂದಿ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಕುಡಿದು ಸಾರ್ವಜನಿಕವಾಗಿ ರಂಪಾಟ ಮಾಡುವಂಥ ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೆಂಬ ಶಿಕ್ಷೆಯನ್ನು ತಂದಿದೆ. ಒಳ್ಳೆಯ ಯೋಚನೆ. ಆದರೆ ಒಂದು ಕಡೆ ಆಸ್ಪತ್ರೆಯ ಅಂಗಳ ಗುಡಿಸುವುದು, ಇನ್ನೊಂದು ಕಡೆ ಹೆಸರಿಗಷ್ಟೇ ಸಹಿ ಹಾಕುವುದು ಎಂದಾದರೆ ನಮ್ಮ ಎಂಟನೆಯ ತರಗತಿಯ ಹುಡುಗನ ಪ್ರಶ್ನೆ ಮತ್ತೆ ಏಳುತ್ತದೆ.

ಇಷ್ಟನ್ನೂ ನಿಮಗೆ ಬರೆಯುವುದಕ್ಕೆ ಕಾರಣವಿದೆ. 2020ರ ಸೆಪ್ಟೆಂಬರಿನಲ್ಲಿ ಕೊರೋನಾ ಕಾರಣದಿಂದ ಸಂಸತ್ತಿನ ಅಧಿವೇಶನವೇ ಪ್ರಶ್ನೋತ್ತರ ವೇಳೆಯಿಲ್ಲದೆ ನಡೆದುಹೋಯಿತು; ಹೆಚ್ಚಿನವರಿಗೆ ಅದು ಗಮನಕ್ಕೂ ಬರಲಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನು ಎದುರಿಸಬೇಕು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಸಾಕು. ಯಾವುದೇ ಆಗಲಿ, ಒಮ್ಮೆ ಉತ್ತರ ದಾಖಲಾದರೆ ಆ ಅಂಕಿಯನ್ನು ಸರ್ಕಾರ ಸುಲಭವಾಗಿ ಅಲ್ಲಗಳೆಯಲಾರದು. ನಿಮ್ಮ ಕ್ಷೇತ್ರ ಯಲಹಂಕವಿರಲಿ, ಹೆಬ್ಬಾಳ, ಬ್ಯಾಟರಾಯನಪುರ, ಯಶವಂತಪುರವಿರಲಿ, ಶಾಸಕರ ಬಳಿ ರಸ್ತೆ, ಚರಂಡಿಗಳ ಅರ್ಜಿ ಹಿಡಿದು ಹೋದಾಗ, ಸದನದಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನೂ ಬರೆದು ಕೊಡಿ. ಇನ್ನು ಸರ್ಕಾರಿ ಕಚೇರಿಗಳಲ್ಲಿ ಕುಳಿತು ಇಂಥ ಪ್ರಶ್ನೆಗಳಿಗೆ ಉತ್ತರದ ಕರಡು ಸಿದ್ಧಪಡಿಸುವವರೂ ನಿಮ್ಮಲ್ಲಿದ್ದೀರಿ. ‘ಪರಿಶೀಲನೆಯಲ್ಲಿದೆ’ ಎಂದು ಬರೆಯುವ ಮುನ್ನ, ಎಂದಿನಿಂದ ಪರಿಶೀಲನೆಯಲ್ಲಿದೆ ಎಂಬ ದಿನಾಂಕವನ್ನೂ ಸೇರಿಸಿರೆಂದು ನಿಮ್ಮ ಹಳೆಯ ಮೇಷ್ಟ್ರ ಕೋರಿಕೆ.

ಯಲಹಂಕ ನಾಡಪ್ರಭುಗಳ ಕಾಲದ ಕೆರೆಗಳ ವಿಚಾರವನ್ನು ಇನ್ನೊಮ್ಮೆ ಬರೆಯುತ್ತೇನೆ.